ರಿಪೋರ್ಟ್ ಬರುವ ತನಕದ ಐದು ದಿನ: ದೇವರ ಮೇಲೆ ಭಾರ ಹಾಕುವುದು ಹೇಗೆ?

ಅಮ್ಮನ ಕುತ್ತಿಗೆಯ ಗಂಟಿನ ರಿಪೋರ್ಟ್ ಬರಲು ಐದು ದಿನ ಇತ್ತು. ಕಾಸರಗೋಡಿನ ಬೇಳದಿಂದ ಕುಂಬಳೆ, ಅಲ್ಲಿಂದ ಮಂಗಳೂರು ಬಸ್ಸು. ತಲಪಾಡಿ ದಾಟುವ ತನಕ ಅಮ್ಮ ಕೈಯಲ್ಲಿ ಜಪಸರ ಹಿಡಿದು ಕೂತಿದ್ದರು, ನಾನು ಮೊಬೈಲಿನಲ್ಲಿ ಆ ಕಾಯಿಲೆಯ ಬಗ್ಗೆ ಓದಿ ಓದಿ ಬೆವರುತ್ತಿದ್ದೆ. ನಿಮ್ಮದೂ ಇದೇ ಕಥೆಯಾದರೆ ಮೊದಲು ಮೊಬೈಲ್ ಕೆಳಗಿಡಿ.

ಆಮೇಲೆ, ಹೆದರಿಕೆಯೇ ಇಲ್ಲ ಅಂತ ನಾಟಕ ಮಾಡಬೇಡಿ. ವಿಶ್ವಾಸ ಇದ್ದವರು ಹೆದರಬಾರದು ಅನ್ನುವವರು ನಮ್ಮಲ್ಲಿ ಜಾಸ್ತಿ, ಅವರು ಬೈಬಲಿನ 13ನೇ ಕೀರ್ತನೆ ಓದಿಲ್ಲ ಅಂತ ಕಾಣುತ್ತದೆ. ಇರುವುದೇ 6 ವಚನ, ಮೊದಲ ಎರಡರಲ್ಲೇ ನಾಲ್ಕು ಸಲ "ಎಷ್ಟರ ತನಕ" ಅಂತ ಅದನ್ನು ಬರೆದವರು ದೇವರನ್ನೇ ಕೇಳಿದ್ದಾರೆ! ನೀವೂ ಬಾಗಿಲು ಹಾಕಿ, ಬಾಯಿಬಿಟ್ಟು ಕೇಳಿ. ನಮ್ಮ ಮನೆಯಲ್ಲಿ ತೇರ್ಸ್ (ಜಪಸರದ ಪ್ರಾರ್ಥನೆ) ಕೊಂಕಣಿಯಲ್ಲಿ, ಪೇಟೆಯಲ್ಲಿ ಮಲಯಾಳ, ಹೆದರಿಕೆ ಮಾತ್ರ ನನಗೆ ಕನ್ನಡದಲ್ಲೇ ಬರುವುದು. "ಕಷ್ಟ ನೀಗಿಸು ದೇವರೇ" ಅಂತ ಒಟ್ಟಾರೆ ಹೇಳಿದರೆ ಎದೆಭಾರ ಇಳಿಯುವುದಿಲ್ಲ. "ಆ ರಿಪೋರ್ಟ್ ಕೆಟ್ಟದಿದ್ದರೆ ಅಪ್ಪನಿಗೆ ಹೇಗೆ ಹೇಳಲಿ?" ಅಂತ ಕೇಳಿದ ರಾತ್ರಿ ನನಗೆ ಅಳು ಬಂತು, ಅತ್ತ ಮೇಲೆ ನಿದ್ದೆಯೂ ಬಂತು.

ಇನ್ನೊಂದು ದಾರಿ, ಮಾರ್ಕನ ಶುಭಸಂದೇಶದ 4ನೇ ಅಧ್ಯಾಯದ ಕೊನೆಯ ಭಾಗವನ್ನು, ಅಂದರೆ ಸರೋವರದ ಬಿರುಗಾಳಿಯ ಕಥೆಯನ್ನು, ನೀವೇ ದೋಣಿಯಲ್ಲಿ ಕೂತಂತೆ ನಿಧಾನಕ್ಕೆ ಓದುವುದು. ಗಲಿಲೇಯ ಸರೋವರ ಸುಮಾರು 21 ಕಿಲೋಮೀಟರ್ ಉದ್ದ, ಸುತ್ತ ಗುಡ್ಡ, ಗಾಳಿ ಅಲ್ಲಿಂದ ಒಮ್ಮೆಲೇ ಇಳಿಯುತ್ತದೆ. 1986ರಲ್ಲಿ ನೀರು ಬತ್ತಿದಾಗ ಅಲ್ಲಿನ ಕೆಸರಲ್ಲಿ ಸುಮಾರು 2,000 ವರ್ಷ ಹಳೆಯ ದೋಣಿಯೊಂದು ಸಿಕ್ಕಿತು, ಉದ್ದ ಬರೀ 8 ಮೀಟರ್ ಚಿಲ್ಲರೆ. ಅಂಥದ್ದರಲ್ಲಿ ಹತ್ತಾರು ಜನ, ಒಳಗೆ ನೀರು ತುಂಬುತ್ತಿದೆ, ಹಿಂಬದಿಯಲ್ಲಿ ಯೇಸುಸ್ವಾಮಿ ದಿಂಬಿಗೆ ತಲೆಕೊಟ್ಟು ಮಲಗಿದ್ದಾರೆ! "ನಾವು ಸತ್ತರೂ ನಿಮಗೆ ಚಿಂತೆ ಇಲ್ಲವಾ" ಅಂತ ಶಿಷ್ಯರು ಎಬ್ಬಿಸುತ್ತಾರೆ, ಅದೂ ಪ್ರಾರ್ಥನೆಯೇ ಅಲ್ವಾ? ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ದಿಂಬು. ದಡದಲ್ಲಿ ನಿಂತು ಧೈರ್ಯ ಹೇಳಿದವರಲ್ಲ ಯೇಸುಸ್ವಾಮಿ, ಅದೇ ದೋಣಿಯಲ್ಲಿ ನೆನೆಯುತ್ತಿದ್ದರು.

ಬಸ್ಸಲ್ಲೋ ಸಾಲಿನಲ್ಲೋ ಎದೆ ಡವಗುಟ್ಟಿದರೆ ಉಸಿರು ಎಳೆಯುವಾಗ "ಸ್ವಾಮಿ", ಬಿಡುವಾಗ "ನಿಮ್ಮ ಕೈಯಲ್ಲಿದ್ದೇನೆ". ಅಷ್ಟೇ ಸಾಕು. ನಾಳೆಯದ್ದು ನಾಳೆಗೆ ಬಿಡಿ, ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯ ಹೇಳುವುದೂ ಅದನ್ನೇ. ನಾನು ಮೂರನೇ ದಿನ ಅಂಗಳದ ಅಡಿಕೆ ಮಗುಚಿ ಹಾಕಿದೆ, ಬೇರೇನೂ ಮಾಡಲಿಲ್ಲ.

ಒಬ್ಬರೇ ಕೂರಬೇಡಿ. ಸಾಕಾಯಿತು, ಸಾಯುತ್ತೇನೆ ಅಂತ ಮರದ ಕೆಳಗೆ ಮಲಗಿದ ಬೈಬಲಿನ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ, ರೊಟ್ಟಿ ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ನಮಗೆ ಪಕ್ಕದ ಮನೆಯ ಬ್ಯಾರಿ ಅಕ್ಕ ಗಂಜಿ, ಮಾವಿನ ಉಪ್ಪಿನಕಾಯಿ ತಂದರು. ವಾರಗಟ್ಟಲೆ ನಿದ್ದೆ, ಊಟ ಇಲ್ಲದಿದ್ದರೆ ಡಾಕ್ಟರನ್ನೂ ನೋಡಿ, ಅದರಿಂದ ವಿಶ್ವಾಸ ಕಡಿಮೆಯಾಗುವುದಿಲ್ಲ.

ಐದನೇ ದಿನ ಬೆಳಿಗ್ಗೆ ಬೇಳದ ಶೋಕಮಾತೆಯ ಇಗರ್ಜಿಗೆ ಹೋದೆವು. ಮಗ ಯೇಸುವಿನ ಶಿಲುಬೆಯ ಬಳಿ ಆ ತಾಯಿ ಮರಿಯ ಏನು ಹೇಳಿದಳು ಅಂತ ಯೋಹಾನ ತನ್ನ ಶುಭಸಂದೇಶದಲ್ಲಿ ಬರೆದಿಲ್ಲ, ನಿಂತಿದ್ದಳು ಅಂತ ಮಾತ್ರ ಬರೆದಿದ್ದಾನೆ. ಅಮ್ಮ ಮೇಣದಬತ್ತಿ ಹಚ್ಚಿ, "ನಡಿ, ಬಸ್ಸಿಗೆ ಹೊತ್ತಾಯಿತು" ಅಂದರು. ನನ್ನ ಕಾಲು ಇನ್ನೂ ನಡುಗುತ್ತಿತ್ತು.