ಎಣ್ಣೆಹನಿಯ ಬಾಗಿದ ಮೈಮೇಲೆ ಪಾಲಿಮರ್ ಹರಳು ಬೆಳೆಸುವುದು ಹೇಗೆ?

ಪಾಲಿಮರ್‌ನ ತೆಳು ದ್ರಾವಣವನ್ನು ನಿಧಾನವಾಗಿ ತಣಿಸಿದರೆ ಅದರ ಸರಪಳಿಗಳು ಹಿಂದೆ ಮುಂದೆ ಮಡಚಿಕೊಂಡು ಸುಮಾರು 10 ನ್ಯಾನೊಮೀಟರ್ ದಪ್ಪದ ಚಪ್ಪಟೆ ಹರಳುಗಳಾಗುತ್ತವೆ. ಆಂಡ್ರ್ಯೂ ಕೆಲ್ಲರ್ 1957ರಲ್ಲಿ ಪಾಲಿಎಥಿಲೀನ್‌ನಲ್ಲಿ ತೋರಿಸಿದ್ದು ಇದನ್ನೇ. ಈ ಹಾಳೆಯನ್ನು ನೀರಿನಲ್ಲಿ ಚದುರಿದ ಎಣ್ಣೆಹನಿಯ ಅಂಚಿನಲ್ಲಿ ಬೆಳೆಸಿದರೆ ಸಿಗುವುದು ಟೊಳ್ಳಾದ, ಗಟ್ಟಿ ಗೋಳ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಲಿ ತಂಡ 2016ರಲ್ಲಿ ಇಂಥ ಗೋಳಗಳನ್ನು ವರದಿ ಮಾಡಿ ‘ಕ್ರಿಸ್ಟಲ್‌ಸೋಮ್’ ಎಂದು ಕರೆಯಿತು. ಔಷಧ ಸಾಗಿಸುವ ಮೆತ್ತನೆಯ ಪಾಲಿಮರ್ ಗುಳ್ಳೆಗಳಿಗಿಂತ ಇವು ಬಹಳ ಬಲವಾಗಿವೆ. ಪ್ರಯೋಗಾಲಯದಲ್ಲಿ ಮಾಡಿನೋಡುವವರಿಗೆ ಕ್ರಮ ಇಲ್ಲಿದೆ.

ಮೊದಲು ಪಾಲಿಮರ್‌ನ ಆಯ್ಕೆ. ಬರೀ ಪಾಲಿಲ್ಯಾಕ್ಟಿಕ್ ಆಮ್ಲ (ಪಿಎಲ್‌ಎಲ್‌ಎ) ಹನಿಯ ಒಳಗೆ ಎಲ್ಲೆಂದರಲ್ಲಿ ಹರಳುಗಟ್ಟಬಹುದು. ಅದರ ಒಂದು ತುದಿಗೆ ನೀರನ್ನು ಇಷ್ಟಪಡುವ ಪಾಲಿಎಥಿಲೀನ್ ಗ್ಲೈಕಾಲ್ (ಪಿಇಜಿ) ಸರಪಳಿ ಜೋಡಿಸಿದ್ದರೆ ಆ ತುದಿ ನೀರಿನ ಕಡೆ ಚಾಚುತ್ತದೆ, ಪಿಎಲ್‌ಎಲ್‌ಎ ಎಣ್ಣೆಯ ಕಡೆ ಉಳಿಯುತ್ತದೆ. ಹರಳು ಶುರುವಾಗಬೇಕಾದ ಜಾಗ ಅಲ್ಲಿಗೆ ನಿಗದಿಯಾಯಿತು. ಪಿಎಲ್‌ಎಲ್‌ಎ ಭಾಗ 5,000, ಪಿಇಜಿ ಭಾಗ 2,000 ಅಣುತೂಕದ್ದಾದರೆ ಕೈಗೆ ಸುಲಭ.

ಎಷ್ಟು ಬೇಕು ಎಂಬ ಲೆಕ್ಕವನ್ನು ತಪ್ಪಿಸಿಕೊಳ್ಳಬಾರದು. ಹೆಚ್ಚಿನ ಪ್ರಯತ್ನಗಳು ಕೆಡುವುದು ಇಲ್ಲೇ ಎನ್ನಬಹುದು. ಹನಿಯೊಳಗಿನ ಪಾಲಿಮರ್ ಎಲ್ಲವೂ ಅಂಚಿಗೆ ಬಂದರೆ ಚಿಪ್ಪಿನ ದಪ್ಪ, ಹನಿಯ ತ್ರಿಜ್ಯವನ್ನು ಪಾಲಿಮರ್‌ನ ಗಾತ್ರಪಾಲಿನಿಂದ (ಹನಿಯ ಗಾತ್ರದಲ್ಲಿ ಪಾಲಿಮರ್ ಹಿಡಿಯುವ ಪಾಲು) ಗುಣಿಸಿ ಮೂರರಿಂದ ಭಾಗಿಸಿದಷ್ಟು. 600 ನ್ಯಾನೊಮೀಟರ್ ವ್ಯಾಸದ ಹನಿಗೆ 10 ನ್ಯಾನೊಮೀಟರ್ ಚಿಪ್ಪು ಬೇಕಾದರೆ ಆ ಪಾಲು ಶೇ 10. ಅಂದರೆ, ಇಲ್ಲಿ ಎಣ್ಣೆಯಾಗಿ ಬಳಸುವ ದ್ರಾವಕ ಟಾಲ್ವೀನ್ ಆದ್ದರಿಂದ, 1 ಗ್ರಾಂ ಟಾಲ್ವೀನ್‌ಗೆ ಸುಮಾರು 160 ಮಿಲಿಗ್ರಾಂ ಪಿಎಲ್‌ಎಲ್‌ಎ, ಪಿಇಜಿ ಸೇರಿದರೆ 225. ವ್ಯಾಸ 2 ಮೈಕ್ರೊಮೀಟರ್ ಆದರೆ ಶೇ 3 ಸಾಕು. ಹನಿ ಚಿಕ್ಕದಾದಷ್ಟೂ ದ್ರಾವಣ ಗಾಢವಾಗಿರಬೇಕು.

ಪಾಲಿಮರ್ ಮತ್ತು ಟಾಲ್ವೀನನ್ನು ಒತ್ತಡ ತಡೆಯುವ ದಪ್ಪಗಾಜಿನ ಕೊಳವೆಯಲ್ಲಿ ಮುಚ್ಚಿ, 95 ಡಿಗ್ರಿಯಲ್ಲಿ ಪೂರ್ತಿ ತಿಳಿಯಾಗುವವರೆಗೆ ಕರಗಿಸಿ. ಬೇರೆ ಪಾತ್ರೆಯಲ್ಲಿ 10 ಮಿ.ಲೀ. ನೀರಿಗೆ 0.1 ಗ್ರಾಂ ಸಿಟಿಎಬಿ ಎಂಬ ಸಾಬೂನಿನಂಥ ಸಂಯುಕ್ತ ಹಾಕಿ ಬಿಸಿಮಾಡಿ. ಎರಡನ್ನೂ 75 ಡಿಗ್ರಿಗೆ ತಂದ ಮೇಲೆಯೇ ಬೆರೆಸಬೇಕು. ಟಾಲ್ವೀನ್ ಒಂದೇ ಇದ್ದರೆ 110 ಡಿಗ್ರಿವರೆಗೆ ಕುದಿಯದು, ನೀರಿನ ಜೊತೆ ಸೇರಿದಾಗ ಸುಮಾರು 84ಕ್ಕೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಅದು ಉಕ್ಕಿ ಹೊತ್ತಿಕೊಳ್ಳುವ ಅಪಾಯವಿದೆ. ಕೆಲಸವೆಲ್ಲ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನೊಳಗೇ ನಡೆಯಲಿ.

ಈಗ ಅಲ್ಟ್ರಾಸೌಂಡ್ ಸಲಾಕೆಯಿಂದ 2–3 ನಿಮಿಷ ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆಯಿರಿ: 5 ಸೆಕೆಂಡ್ ಓಡಿಸಿ, 5 ಸೆಕೆಂಡ್ ನಿಲ್ಲಿಸಿ. ಬಿಡುವು ಕೊಡದಿದ್ದರೆ ಸಲಾಕೆಯೇ ದ್ರವವನ್ನು ಕುದಿಬಿಂದುವಿಗೆ ಒಯ್ಯುತ್ತದೆ. ಹಾಲಿನಂತೆ ಬೆಳ್ಳಗಾದ ದ್ರವವನ್ನು ದಪ್ಪಗಾಜಿನ ಕೊಳವೆಗೆ ಸುರಿದು, ಮೂರನೇ ಒಂದು ಭಾಗ ಖಾಲಿ ಬಿಟ್ಟು ಮುಚ್ಚಿ, 95 ಡಿಗ್ರಿಯಲ್ಲಿ 10–15 ನಿಮಿಷ ಇಡಿ. ಬೆರೆಸುವಾಗ ಹುಟ್ಟಿರಬಹುದಾದ ಸಣ್ಣ ಹರಳುಗಳು ಇದರಿಂದ ಅಳಿಯುತ್ತವೆ. ಹೆಚ್ಚು ಹೊತ್ತು ಬೇಡ, ಬಿಸಿನೀರು ಪಿಎಲ್‌ಎಲ್‌ಎ ಸರಪಳಿಯನ್ನೇ ಕತ್ತರಿಸುತ್ತದೆ.

ನಂತರ ಕೊಳವೆಯನ್ನು 30 ಡಿಗ್ರಿಯ ನೀರಿನ ತೊಟ್ಟಿಗೆ ಇಳಿಸಿ, ಒಂದು ರಾತ್ರಿ ಬಿಡಿ. ಇದಕ್ಕಿಂತ ತಣ್ಣಗೆ ಹೋಗಬೇಡಿ. ಸುಮಾರು 25 ಡಿಗ್ರಿಗಿಂತ ಕೆಳಗೆ ಸಿಟಿಎಬಿಯೇ ಸೂಜಿಯಂಥ ಹರಳಾಗಿ ಬೀಳುತ್ತದೆ, ನೋಡಿದವರು ಅದನ್ನೇ ಪಾಲಿಮರ್ ಎಂದುಕೊಳ್ಳುತ್ತಾರೆ. ಬೆಂಗಳೂರಿನ ಡಿಸೆಂಬರ್ ರಾತ್ರಿಗಳಲ್ಲಿ ಮೇಜಿನ ಮೇಲೆ ಬಿಟ್ಟರೆ ಇದು ಖಂಡಿತ.

ಅವಸರ ಬೇಡ ಎನ್ನಲು ಇನ್ನೊಂದು ಕಾರಣವಿದೆ. 1 ಮಿ.ಲೀ. ಎಣ್ಣೆಯಲ್ಲಿ 600 ನ್ಯಾನೊಮೀಟರ್ ವ್ಯಾಸದ ಹನಿಗಳು ಸುಮಾರು 9 ಲಕ್ಷ ಕೋಟಿ. ಹರಳಿಗೆ ನೆಲೆ ಕೊಡುವ ಧೂಳಿನ ಕಣ ಪ್ರತಿ ಹನಿಗೂ ಸಿಗುವುದಿಲ್ಲ. ಹಾಗಾಗಿ ಹನಿಗಳಲ್ಲಿ ಹರಳು ಮೂಡಲು ಬಾಟಲಿಯಲ್ಲಿರುವ ಅದೇ ದ್ರಾವಣಕ್ಕಿಂತ ಹೆಚ್ಚು ತಣಿಸಬೇಕು, ಹೆಚ್ಚು ಕಾಯಬೇಕು.

ಹರಳಿನೊಳಗೆ ಏನಾಗುತ್ತದೆ ಎಂಬುದೇ ಈ ವಿಷಯದ ಸೊಗಸು. ಚಪ್ಪಟೆ ಮೇಲ್ಮೈಯನ್ನು ಹಿಗ್ಗಿಸದೆ, ಕುಗ್ಗಿಸದೆ ಗೋಳದ ಮೇಲೆ ಕೂರಿಸಲಾಗದು ಎಂದು ಗಣಿತಜ್ಞ ಗೌಸ್ 1827ರಲ್ಲೇ ಸಾಧಿಸಿದ್ದಾರೆ. ಚೆಂಡಿಗೆ ಕಾಗದ ಸುತ್ತಿದಾಗ ಬೀಳುವ ಸುಕ್ಕು ಅದರ ಫಲ. ಅಣುಗಳ ಸಾಲಿಗೂ ಇದೇ ಕಷ್ಟ. ಹರಳು ಅಗಲವಾದಂತೆ ಬಿಗಿತ ಏರುತ್ತದೆ. ಸಾಲುಗಳು ಅಲ್ಲಲ್ಲಿ ತಪ್ಪಿ, ಒಂದೇ ಹಾಳೆಯ ಬದಲು ತುಂಡುತುಂಡಾಗಿ ಕೂಡಿದ ಚಿಪ್ಪು ಮೂಡುತ್ತದೆ. ಹನಿ ಚಿಕ್ಕದಾದಷ್ಟೂ ಬಿಗಿತ ಜಾಸ್ತಿ.

ಬೆಳಿಗ್ಗೆ ಮುಚ್ಚಳ ತೆಗೆದು, ಹುಡ್‌ನಲ್ಲೇ ಕಲಕುತ್ತಾ ಟಾಲ್ವೀನ್ ಆರಲು ಬಿಡಿ. ಕಡಿಮೆಯಾದ ನೀರನ್ನು ತುಂಬಿಸುತ್ತಿರಿ. ಬಳಿಕ ಸಣ್ಣ ಅಣುಗಳನ್ನಷ್ಟೇ ಹೊರಬಿಡುವ ಡಯಾಲಿಸಿಸ್ ಚೀಲಕ್ಕೆ ಹಾಕಿ 30 ಡಿಗ್ರಿ ನೀರಿನಲ್ಲಿ ಮುಳುಗಿಸಿ, ದಿನಕ್ಕೆ ಎರಡು ಬಾರಿ ನೀರು ಬದಲಿಸಿ. ಹೊರಗಿನ ನೀರನ್ನು ಸಣ್ಣ ಬಾಟಲಿಯಲ್ಲಿ ಕುಲುಕಿದಾಗ ನೊರೆ ನಿಂತರೆ ಸಿಟಿಎಬಿ ಇನ್ನೂ ಹೋಗಿಲ್ಲ.

ಒಂದು ತೊಟ್ಟನ್ನು ಒಣಗಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ. ಒಣಗಿದ ಮೇಲೂ ದುಂಡಗಿದ್ದರೆ ಚಿಪ್ಪು ಗಟ್ಟಿ. ಎಕ್ಸ್‌-ರೇ ವಿವರ್ತನೆಯಲ್ಲಿ, ತಾಮ್ರದ ಆಕರವಾದರೆ, 16.7 ಮತ್ತು 19.1 ಡಿಗ್ರಿಯ ಹತ್ತಿರ ಪಿಎಲ್‌ಎಲ್‌ಎ ಹರಳಿನ ಶಿಖರಗಳು ಕಾಣಬೇಕು. ಬರೀ ಅಗಲವಾದ ದಿಬ್ಬ ಇದ್ದರೆ ಹರಳೇ ಆಗಿಲ್ಲ, ಮುಂದಿನ ಸಲ ಇನ್ನಷ್ಟು ಹೊತ್ತು ಬಿಡಿ. ಗೋಳದ ಬದಲು ಬಟ್ಟಲಿನಂಥ ಅರೆಚಿಪ್ಪುಗಳು ಕಂಡರೆ ಮೊದಲು ಪಾಲಿಮರ್ ಸಾಲದಾಗಿದೆಯೇ ಎಂದು ನೋಡಿ: ಹನಿಯ ವ್ಯಾಸವನ್ನು ಅಳೆದು, ಮೇಲಿನ ಲೆಕ್ಕ ಮತ್ತೆ ಮಾಡಿ, ಪಾಲನ್ನು ಏರಿಸಿ.