ಸೂರ್ಯನ ಬಿರುಗಾಳಿಗೆ ನಮ್ಮ ಕರೆಂಟ್ ಗ್ರಿಡ್ ರೆಡಿ ಮಾಡೋದು ಹೇಗೆ

ಸೂರ್ಯ ಒಮ್ಮೊಮ್ಮೆ ಕಾಂತಕ್ಷೇತ್ರ ಹೊತ್ತ ಕಣಗಳ ಮೋಡ ಉಗುಳ್ತಾನೆ, ಅದೇ ಸೌರ ಬಿರುಗಾಳಿ; ಅದು ಭೂಮಿಗೆ ಬಡಿದ್ರೆ ನೆಲದಲ್ಲಿ, ಉದ್ದ ತಂತಿಗಳಲ್ಲಿ ಬೇಡದ ಕರೆಂಟ್ ಹರಿಯತ್ತೆ. 1859ರ ಸೆಪ್ಟೆಂಬರಲ್ಲಿ ಬಂದ ಸೌರ ಬಿರುಗಾಳಿಗೆ ಯುರೋಪ್, ಅಮೆರಿಕದ ಟೆಲಿಗ್ರಾಫ್ ಲೈನ್‌ಗಳು ಕೈಕೊಟ್ವು, ಮುಂಬೈನ ಕೊಲಾಬಾ ವೀಕ್ಷಣಾಲಯದಲ್ಲೂ ಅದು ದಾಖಲಾಗಿದೆ. ಆಗ ಮನೆಮನೆಗೆ ಕರೆಂಟೇ ಇರ್ಲಿಲ್ಲ. 1989ರ ಮಾರ್ಚ್ 13ಕ್ಕೆ ಅದಕ್ಕಿಂತ ಚಿಕ್ಕದೊಂದು ಬಂದಿದ್ದಕ್ಕೇ ಕೆನಡಾದ ಕ್ವಿಬೆಕ್ ಗ್ರಿಡ್ ಒಂದೂವರೆ ನಿಮಿಷದಲ್ಲಿ ಕುಸಿದು 60 ಲಕ್ಷ ಜನ ಸುಮಾರು 9 ಗಂಟೆ ಕತ್ತಲಲ್ಲಿದ್ರು. ನಾವು ಭೂಮಧ್ಯರೇಖೆಗೆ ಹತ್ರ ಇರೋದ್ರಿಂದ ಅಪಾಯ ಕಮ್ಮಿ, ನಿಜ. ಆದ್ರೆ ಇಲ್ಲವೇ ಇಲ್ಲ ಅಂತಲ್ಲ.

ಎಲ್ಲಕ್ಕಿಂತ ಮೊದ್ಲು ಸರ್ಕಾರ ಯಾರು ಆರ್ಡರ್ ಕೊಡ್ಬೇಕು ಅಂತ ಬರೆದಿಡ್ಬೇಕು. ಬಿರುಗಾಳಿ ಸೂರ್ಯನಿಂದ ಹೊರಟಿದ್ದು ಒಂದರಿಂದ ಮೂರು ದಿನ ಮುಂಚೆ ಗೊತ್ತಾಗತ್ತೆ, ಆದ್ರೆ ಅದರ ಕಾಂತಕ್ಷೇತ್ರ ಯಾವ ಕಡೆ ತಿರುಗಿದೆ, ಅಂದ್ರೆ ಹೊಡೆತ ಎಷ್ಟು ಜೋರು ಅನ್ನೋದು 15 ಲಕ್ಷ ಕಿಮೀ ದೂರದಲ್ಲಿ ನಮ್ಮ ಆದಿತ್ಯ-ಎಲ್1 ತರದ ನೌಕೆಗಳನ್ನ ಮುಟ್ಟಿದಾಗ್ಲೇ ಗೊತ್ತಾಗೋದು, ಅಲ್ಲಿಂದ ಭೂಮಿಗೆ ಕಾಲು ಗಂಟೆಯಿಂದ ಒಂದು ಗಂಟೆ ಅಷ್ಟೇ. ಅಷ್ಟರಲ್ಲಿ ಫೈಲು ಮಂತ್ರಿ ತನಕ ಹೋಗಿ ಬರಲ್ಲ. ದಕ್ಷಿಣ ರಾಜ್ಯಗಳ ಗ್ರಿಡ್ ನೋಡ್ಕೊಳ್ಳೋ ಬೆಂಗಳೂರಿನ ದಕ್ಷಿಣ ವಲಯ ಲೋಡ್ ಡಿಸ್ಪ್ಯಾಚ್ ಸೆಂಟರಲ್ಲಿ ರಾತ್ರಿ ಶಿಫ್ಟಲ್ಲಿರೋ ಇಂಜಿನಿಯರ್‌ಗೇ ಲೋಡ್ ಇಳಿಸೋಕೆ, ರಿಪೇರಿಗೆ ಬಿಟ್ಟ ಲೈನ್ ವಾಪಸ್ ತರೋಕೆ ಅಧಿಕಾರ ಇರ್ಬೇಕು, ಆಮೇಲೆ ಏನೂ ಆಗ್ಲಿಲ್ಲ ಅಂದ್ರೂ ಮೆಮೋ ಕೊಡಲ್ಲ ಅಂತ ಲಿಖಿತವಾಗಿ ಹೇಳಿರ್ಬೇಕು. ಇದಕ್ಕೆ ದುಡ್ಡೇ ಬೇಕಾಗಿಲ್ಲ, ಧೈರ್ಯ ಬೇಕು.

ಆಮೇಲೆ ಟ್ರಾನ್ಸ್‌ಫಾರ್ಮರ್. ನೆಲದಿಂದ ನುಗ್ಗಿ ಅವನ್ನ ಬಿಸಿ ಮಾಡೋ ಕರೆಂಟ್ ಎಷ್ಟು ಅಂತ ನೋಡೋಕೆ ದೊಡ್ಡವುಗಳ ನ್ಯೂಟ್ರಲ್‌ಗೆ, ಅಂದ್ರೆ ನೆಲಕ್ಕೆ ಜೋಡಿಸಿರೋ ತುದಿಗೆ, ಮೀಟರ್ ಹಾಕ್ಬೇಕು, ಸ್ಪೇರ್ ಇಟ್ಕೋಬೇಕು. ಒಂದು ಸುಟ್ರೆ ಹೊಸದು ಬರೋಕೆ ವರ್ಷವೇ ಹಿಡಿಬೋದು, ಅಂಗಡೀಲಿ ಸಿಗೋ ಸಾಮಾನಲ್ಲ ಅದು.

2012ರ ಜುಲೈಲಿ ಉತ್ತರ ಭಾರತ ಕತ್ತಲಾದಾಗ ದಕ್ಷಿಣದವ್ರು ನಾವು ಬಚಾವಾಗಿದ್ದು ನಮ್ಮ ಗ್ರಿಡ್ ಬೇರೆ ಇತ್ತು ಅಂತ, 2013ರ ಡಿಸೆಂಬರ್ 31ಕ್ಕೆ ರಾಯಚೂರು-ಸೋಲಾಪುರ ಲೈನ್ ಬಂದ್ಮೇಲೆ ಎಲ್ಲಾ ಒಂದೇ ಆಯ್ತು. ಈಗ ಅಲ್ಲಿ ಬಿದ್ರೆ ಇಲ್ಲೂ ಬೀಳ್ಬೋದು. ಹಾಗಾಗಿ ಪೂರ್ತಿ ಕತ್ತಲಿಂದ ಜಲವಿದ್ಯುತ್ ಘಟಕ ಎಬ್ಬಿಸೋ ಬ್ಲ್ಯಾಕ್ ಸ್ಟಾರ್ಟ್ ಡ್ರಿಲ್ ಕಾಗದದಲ್ಲಿ ಅಲ್ಲ, ನಿಜವಾಗ್ಲೂ ಮಾಡ್ಬೇಕು.

ಕರೆಂಟ್ ವಾಪಸ್ ಬರುವಾಗ ಮೊದ್ಲು ಯಾರಿಗೆ ಅನ್ನೋ ಪಟ್ಟಿಯೂ ಈಗ್ಲೇ ಬೇಕು. ಕಾವೇರಿ ನೀರು ಸುಮಾರು 100 ಕಿಮೀ ದೂರದಿಂದ ಪಂಪಾಗಿ ಬೆಂಗಳೂರಿಗೆ ಹತ್ತಬೇಕು, ಆ ಪಂಪ್‌ಹೌಸ್‌ಗಳು ಆಸ್ಪತ್ರೆ ಜೊತೆ ಪಟ್ಟಿಯ ಮೊದಲ ಸಾಲಲ್ಲೇ ಇರ್ಬೇಕು, ಮಾಲ್‌ಗಳು ಎಷ್ಟು ದಿನ ಕಾದ್ರೂ ಪರ್ವಾಗಿಲ್ಲ.