ಒಂದು ಚೀಲ, ಒಂದು ಚೀಟಿ: 1939ರಲ್ಲಿ ಊರು ಬಿಟ್ಟ ಬ್ರಿಟನ್ನಿನ ಮಕ್ಕಳ ಬಗ್ಗೆ ಪಾಠ ಮಾಡುವುದು ಹೇಗೆ

ಯುದ್ಧ ಬಂದರೆ ನಗರಗಳ ಮೇಲೆ ಬಾಂಬು ಬೀಳಬಹುದು ಅನ್ನುವ ಭಯಕ್ಕೆ ಬ್ರಿಟನ್ ಸರ್ಕಾರ 1939ರಲ್ಲಿ ನಗರದ ಮಕ್ಕಳನ್ನು ಹಳ್ಳಿಗಳಿಗೆ ಕಳಿಸಿತು. ಆದರೂ ಈ ಪಾಠವನ್ನು ಹಿಟ್ಲರ್, ಬಾಂಬು ಅಂತ ಶುರು ಮಾಡಬೇಡಿ. ಒಂದು ಖಾಲಿ ಚೀಲ ತಂದು ಮೇಜಿನ ಮೇಲಿಡಿ.

"ನಾಳೆ ಬೆಳಿಗ್ಗೆ ಊರು ಬಿಡಬೇಕು, ಅಪ್ಪ ಅಮ್ಮ ಬರುವುದಿಲ್ಲ, ಎಲ್ಲಿಗೆ ಅಂತ ಅವರಿಗೂ ಗೊತ್ತಿಲ್ಲ. ಏನೇನು ತಗೊಳ್ತೀರಿ?" ಅಂತ ಕೇಳಿ. ಹೇಳಿದ್ದನ್ನೆಲ್ಲ ಬೋರ್ಡಿನ ಮೇಲೆ ಬರೆಯಿರಿ. ಆಮೇಲೆ 1939ರಲ್ಲಿ ಅಪ್ಪ ಅಮ್ಮಂದಿರಿಗೆ ಕೊಟ್ಟಿದ್ದ ಪಟ್ಟಿ ಓದಿ: ಗ್ಯಾಸ್ ಮಾಸ್ಕ್, ಒಳಉಡುಪು, ರಾತ್ರಿ ಬಟ್ಟೆ, ಕಾಲುಚೀಲ, ಟೂತ್ ಬ್ರಷ್, ಬಾಚಣಿಗೆ, ಟವೆಲ್, ಸೋಪು, ಕರವಸ್ತ್ರ, ಬೆಚ್ಚನೆ ಕೋಟು, ಆ ದಿನಕ್ಕಾಗುವಷ್ಟು ತಿಂಡಿ. ಪಟ್ಟಿಯಲ್ಲಿಲ್ಲದ್ದನ್ನು ಬೋರ್ಡಿನಿಂದ ಅಳಿಸುತ್ತಾ ಬನ್ನಿ; ಯಾರೋ ಹೇಳಿದ ಗೊಂಬೆಯನ್ನು ಅಳಿಸುವಾಗ ತರಗತಿ ಸುಮ್ಮನಾಗುತ್ತದೆ.

ಈಗ ಚೀಟಿ. ಆ ಮಕ್ಕಳಿಗೆ ಕಟ್ಟಿದ್ದ ಹಾಗೆ, ಹೆಸರು, ಶಾಲೆ ಬರೆದು ದಾರದಿಂದ ಅಂಗಿಯ ಗುಂಡಿಗೆ ಕಟ್ಟಲಿ. ಮಗು ತಲೆ ಬಗ್ಗಿಸಿ ತನ್ನ ಹೆಸರನ್ನೇ ತಲೆಕೆಳಗಾಗಿ ಓದುತ್ತದೆ, ಅಂಥ ಹೊತ್ತಿನಲ್ಲಿ ಅಂಕಿಸಂಖ್ಯೆ ಹೇಳಿದರೆ ಮನಸ್ಸಿಗೆ ಇಳಿಯುತ್ತದೆ. 1939ರ ಸೆಪ್ಟೆಂಬರ್ 1, ಶುಕ್ರವಾರ ಹೀಗೆ ಕಳಿಸುವುದು ಶುರುವಾಯಿತು. ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿದ್ದು 3ಕ್ಕೆ. ಮೂರೇ ದಿನದಲ್ಲಿ ಸುಮಾರು 15 ಲಕ್ಷ ಜನ ನಗರ ಬಿಟ್ಟರು. ಅರ್ಧಕ್ಕಿಂತ ಜಾಸ್ತಿ ಶಾಲೆ ಮಕ್ಕಳು. ಉಳಿದವರು ಎಳೆಮಕ್ಕಳ ತಾಯಂದಿರು, ಬಸುರಿಯರು, ಟೀಚರುಗಳು.

ಹಳ್ಳಿ ಸೇರಿದ ಮೇಲೆ ಎಷ್ಟೋ ಕಡೆ ಮಕ್ಕಳನ್ನು ಹಾಲ್‌ನಲ್ಲಿ ಸಾಲಾಗಿ ನಿಲ್ಲಿಸಿದರು, ಊರಿನವರು ಬಂದು ತಮಗೆ ಬೇಕಾದವರನ್ನು ಆರಿಸಿಕೊಂಡರು. ದಯವಿಟ್ಟು ಇದನ್ನು ನಾಟಕ ಮಾಡಿಸಬೇಡಿ. ಕೊನೆಗೆ ಉಳಿಯುವ ಮಗುವಿಗೆ ಅದು ಆಟ ಅಲ್ಲ, ಅಲ್ವಾ? ಬಾಯಲ್ಲಿ ಹೇಳಿ, ಸಾಕು. ಅಣ್ಣ ತಂಗಿ ಬೇರೆ ಬೇರೆ ಮನೆ ಸೇರಿದ್ದನ್ನೂ ಹೇಳಿ. ಮನೆಯವರಿಂದ ದೂರವಿರುವ ಮಗು ನಿಮ್ಮ ತರಗತಿಯಲ್ಲಿದ್ದರೆ ಹಿಂದಿನ ದಿನವೇ ಅದರ ಜೊತೆ ಮಾತಾಡಿ, ಬೇಡ ಅಂದರೆ ಒತ್ತಾಯ ಬೇಡ.

ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಂಡ ಊರಿನವರನ್ನು ಕೆಟ್ಟವರು ಅಂತ ತೋರಿಸಬೇಡಿ. ಒಂದು ಮಗುವಿಗೆ ಸರ್ಕಾರ ವಾರಕ್ಕೆ 10 ಶಿಲ್ಲಿಂಗ್ 6 ಪೆನ್ಸ್ ಕೊಡುತ್ತಿತ್ತು, ಒಂದಕ್ಕಿಂತ ಜಾಸ್ತಿ ಇದ್ದರೆ ತಲಾ 8 ಶಿಲ್ಲಿಂಗ್ 6 ಪೆನ್ಸ್. ಮನೆಯಲ್ಲಿ ಜಾಗ ಇದ್ದರೆ ಸುಮ್ನೆ ಬೇಡ ಅನ್ನುವ ಹಾಗಿರಲಿಲ್ಲ. ಆ ಮಕ್ಕಳನ್ನು ಸ್ವಂತ ಮಕ್ಕಳಂತೆ ನೋಡಿಕೊಂಡವರೂ ಇದ್ದರು.

ಕಥೆಯನ್ನು ಇಲ್ಲಿಗೆ ನಿಲ್ಲಿಸುವುದು ದೊಡ್ಡ ತಪ್ಪು. ತಿಂಗಳುಗಟ್ಟಲೆ ಬಾಂಬು ಬೀಳಲಿಲ್ಲ, 1940ರ ಜನವರಿ ಹೊತ್ತಿಗೆ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳು ಮನೆಗೆ ವಾಪಸ್ ಬಂದಿದ್ದರು. ಅದೇ ವರ್ಷ, 1940ರ ಸೆಪ್ಟೆಂಬರ್ 7ರಂದು ಲಂಡನ್ ಮೇಲೆ ಭಾರಿ ದಾಳಿ ಶುರುವಾಯಿತು, ಮತ್ತೆ ಕಳಿಸಬೇಕಾಯಿತು. "ನೀವು ಅಮ್ಮ ಆಗಿದ್ದರೆ ವಾಪಸ್ ಕರೆಸಿಕೊಳ್ಳುತ್ತಿದ್ದಿರಾ?" ಅಂತ ಕೇಳಿ, ಜಗಳವಾಡಲು ಬಿಡಿ, ತೀರ್ಪು ಕೊಡಬೇಡಿ.

ಕೊನೆಯ ಹತ್ತು ನಿಮಿಷ ಪೋಸ್ಟ್‌ಕಾರ್ಡಿಗೆ. ಮಗು ಎಲ್ಲಿದೆ ಅಂತ ಮನೆಯವರಿಗೆ ಗೊತ್ತಾಗುತ್ತಿದ್ದದ್ದು ಅದು ಬಂದಾಗಲೇ. ವಿಳಾಸ, ಎರಡು ಸಾಲು, ಅಷ್ಟೇ ಬರೆಸಿ. ಯಾರಾದರೂ ಏನೂ ಬರೆಯದೆ ಕೊಟ್ಟರೆ ಖಾಲಿ ಕಾರ್ಡನ್ನೇ ತಗೊಳ್ಳಿ.